ಫ್ರಾನ್ಸ್, ಅಮೆರಿಕ ಹಿಸ್ಟರಿ: ಜನ ಪದೇ ಪದೇ ಕೇಳೋ ಪ್ರಶ್ನೆಗಳು

ಪರೀಕ್ಷೆಗೆ ಓದೋರು, ಪ್ಯಾರಿಸ್ ಟೂರ್ ಹೊರಟೋರು, ಸುಮ್ನೆ ಕುತೂಹಲಕ್ಕೆ ಕೇಳೋರು, ಎಲ್ರೂ ಕೇಳೋದು ಹೆಚ್ಚುಕಮ್ಮಿ ಇವನ್ನೇ. ಆರ್ಡರ್ ಅಂತೇನಿಲ್ಲ, ಬೇಕಾದ ಪ್ರಶ್ನೆಗೆ ನೇರ ಹೋಗಿ.

ಎರಡು ದೇಶದ ಹಿಸ್ಟರಿನ ಒಟ್ಟಿಗೆ ಯಾಕೆ ಓದ್ಬೇಕು? ಸ್ಕೂಲಲ್ಲಿ ಬೇರೆ ಬೇರೆ ಪಾಠ ಇತ್ತಲ್ಲ?

ಇತ್ತು, ಅರ್ಧ ಗೊಂದಲ ಆಗಿರೋದೇ ಅದರಿಂದ. ಅಮೆರಿಕದ ಸ್ವಾತಂತ್ರ್ಯ 1776, ಫ್ರಾನ್ಸಿನ ಕ್ರಾಂತಿ 1789 ಅಂತ ಎರಡು ಇಸವಿ ಬಾಯಿಪಾಠ ಮಾಡಿ ಮುಗಿಸ್ಬಿಡ್ತೀವಿ, ನಡುವಿನ 13 ವರ್ಷ ಏನಾಯ್ತು ಅಂತ ಯಾರೂ ಹೇಳಲ್ಲ. 1777ರಲ್ಲಿ ಸರಟೋಗಾದಲ್ಲಿ ಬ್ರಿಟಿಷ್ ಸೈನ್ಯ ಶರಣಾದ ಮೇಲೆ ಈ ಅಮೆರಿಕದವರು ಗೆದ್ರೂ ಗೆಲ್ಲಬಹುದು ಅಂತ ಫ್ರಾನ್ಸ್‌ಗೆ ಅನ್ನಿಸ್ತು, 1778 ಫೆಬ್ರವರಿಲಿ ಅಮೆರಿಕದ ಪ್ರತಿನಿಧಿ ಬೆಂಜಮಿನ್ ಫ್ರಾಂಕ್ಲಿನ್ ಪ್ಯಾರಿಸಲ್ಲಿ ಕೂತು ಒಪ್ಪಂದ ಮಾಡ್ಕೊಂಡ. ಆಮೇಲೆ ದುಡ್ಡು, ಮದ್ದುಗುಂಡು, ಹಡಗು, ಸೈನಿಕರು ಎಲ್ಲಾ ಹೋಯ್ತು. 1781 ಅಕ್ಟೋಬರಲ್ಲಿ ವರ್ಜೀನಿಯಾದ ಯಾರ್ಕ್‌ಟೌನಲ್ಲಿ ಬ್ರಿಟಿಷ್ ಜನರಲ್ ಕಾರ್ನ್‌ವಾಲಿಸ್ ತಪ್ಪಿಸ್ಕೊಳ್ಳೋಕೆ ಆಗದೇ ಸಿಕ್ಕಿಬಿದ್ದಿದ್ದು, ಸಮುದ್ರದ ಕಡೆ ಫ್ರೆಂಚ್ ಅಡ್ಮಿರಲ್ ದ ಗ್ರಾಸ್ ಹಡಗುಗಳನ್ನ ಅಡ್ಡ ನಿಲ್ಲಿಸಿದ್ದಕ್ಕೆ.

ಇದಕ್ಕೆಲ್ಲಾ ಆದ ಖರ್ಚು ನೂರು ಕೋಟಿ ಲಿವ್ರ್ (ಆಗಿನ ಫ್ರೆಂಚ್ ಹಣ) ದಾಟ್ತು ಅಂತ ಇತಿಹಾಸಕಾರರ ಲೆಕ್ಕ, ಅದೂ ಬಹುಪಾಲು ಸಾಲ. ಪಕ್ಕದ್ಮನೆ ಮದುವೆಗೆ ಬಡ್ಡಿಗೆ ದುಡ್ಡು ತಂದು ಊಟ ಹಾಕ್ಸಿದಂಗೆ ಆಯ್ತು ಫ್ರಾನ್ಸಿನ ರಾಜ ಹದಿನಾರನೇ ಲೂಯಿ ಕಥೆ. 1788ರ ಹೊತ್ತಿಗೆ ಸರ್ಕಾರದ ಆದಾಯದಲ್ಲಿ ಸುಮಾರು ಅರ್ಧ ಸಾಲದ ಬಾಬ್ತಿಗೇ ಹೋಗ್ತಿತ್ತು, ಚರ್ಚಿನವರಿಗೆ ಶ್ರೀಮಂತ ಮನೆತನದವರಿಗೆ ಮುಖ್ಯ ತೆರಿಗೆಗಳಿಂದ ವಿನಾಯಿತಿ, ಹಾಗಾಗಿ ಹೊರೆ ಎಲ್ಲಾ ಉಳಿದವರ ತಲೆ ಮೇಲೆ. ಹೊಸ ತೆರಿಗೆ ಹಾಕೋಕೆ ಬೇರೆ ದಾರಿ ಕಾಣದೇ, 1614ರ ನಂತರ ಒಂದ್ಸಲಾನೂ ಸೇರದೇ ಇದ್ದ ಎಸ್ಟೇಟ್ಸ್ ಜನರಲ್ ಅನ್ನೋ ಸಭೆನ 1789 ಮೇ 5ಕ್ಕೆ ವರ್ಸೈಲ್ಸಲ್ಲಿ ಕರೆದ. ಎರಡೂವರೆ ತಿಂಗಳು ಆಗೋ ಮುಂಚೆ ಪ್ಯಾರಿಸಿನ ಜೈಲುಕೋಟೆ ಬಾಸ್ಟಿಲ್ ಜನರ ಕೈಗೆ ಬಿತ್ತು.

ಬಾಸ್ಟಿಲ್ ಜೈಲಲ್ಲಿ ಎಷ್ಟು ಜನ ಇದ್ರು? ಈಗ ಹೋದ್ರೆ ನೋಡಬಹುದಾ?

ಏಳೇ ಜನ. ಜುಲೈ 14ಕ್ಕೆ ಜನ ಅಲ್ಲಿಗೆ ನುಗ್ಗಿದ್ದು ಖೈದಿಗಳನ್ನ ಬಿಡಿಸೋಕಿಂತ ಹೆಚ್ಚಾಗಿ ಮದ್ದಿನ ಪುಡಿಗೆ, ಯಾಕಂದ್ರೆ ಅವತ್ತು ಬೆಳಿಗ್ಗೆ ಸೈನಿಕರ ಆಸ್ಪತ್ರೆ ಆಗಿದ್ದ ಅಂವಾಲಿದ್‌ನಿಂದ ಬಂದೂಕು ಎತ್ಕೊಂಡು ಬಂದಿದ್ರು, ಹೊಡೆಯೋಕೆ ಮದ್ದು ಇರ್ಲಿಲ್ಲ. ಕೋಟೆ ಈಗಿಲ್ಲ, ಕೆಡವಿ ಅದರ ಕಲ್ಲನ್ನ ಸೇನ್ ನದಿಯ ಕಾಂಕಾರ್ಡ್ ಸೇತುವೆಗೆ ಹಾಕಿದ್ರು. ಬಾಸ್ಟಿಲ್ ಸರ್ಕಲ್ ಮಧ್ಯೆ ಒಂದು ಎತ್ತರದ ಕಂಬ ಇದೆ, ಟೂರಿಸ್ಟ್‌ಗಳು 1789ರ ನೆನಪಿಗೆ ಅಂದ್ಕೊಂಡು ಫೋಟೋ ತೆಗೀತಾರೆ, ಅದು 1830ರ ಜುಲೈ ಕ್ರಾಂತಿದು. ಕೋಟೆಯ ಬೀಗದ ಕೈ ನೋಡ್ಬೇಕಂದ್ರೆ ಅಮೆರಿಕಕ್ಕೇ ಹೋಗ್ಬೇಕು, ವರ್ಜೀನಿಯಾದ ಮೌಂಟ್ ವರ್ನನಲ್ಲಿ ಜಾರ್ಜ್ ವಾಷಿಂಗ್ಟನ್ ಮನೆ ಗೋಡೆ ಮೇಲಿದೆ. ಕಳಿಸಿದ್ದು ಲಫಾಯೆಟ್.

ಈ ಲಫಾಯೆಟ್ ಯಾರು? ಎರಡೂ ಕಡೆ ಹೆಸರು ಬರುತ್ತಲ್ಲ

ಶ್ರೀಮಂತ ಮನೆ ಹುಡುಗ, 1777ರಲ್ಲಿ 19 ವರ್ಷಕ್ಕೆ ಸ್ವಂತ ದುಡ್ಡಲ್ಲಿ ಹಡಗು ಕೊಂಡು ಅಮೆರಿಕಕ್ಕೆ ಯುದ್ಧ ಮಾಡೋಕೆ ಹೋದ. ವಾಪಸ್ ಬಂದು 1789ರಲ್ಲಿ ಮನುಷ್ಯರ ಮತ್ತು ನಾಗರಿಕರ ಹಕ್ಕುಗಳ ಘೋಷಣೆಗೆ ಮೊದಲ ಕರಡು ಬರೆದ, ಆಗ ಪ್ಯಾರಿಸಲ್ಲಿ ಅಮೆರಿಕದ ರಾಯಭಾರಿ ಆಗಿದ್ದ ಥಾಮಸ್ ಜೆಫರ್ಸನ್‌ಗೆ ತೋರಿಸಿ ಸಲಹೆ ತಗೊಂಡಿದ್ದ. ಘೋಷಣೆ ಆಗಸ್ಟ್ 26ಕ್ಕೆ ಪಾಸ್ ಆಯ್ತು. ಆದ್ರೆ ಕ್ರಾಂತಿ ಬಿಸಿ ಏರ್ತಾ ಏರ್ತಾ ಇವನು ರಾಜನ ಕಡೆಯವರಿಗೂ ಬೇಡ, ಉಗ್ರರಿಗೂ ಬೇಡ ಅನ್ನೋಹಾಗೆ ಆಗಿ 1792ರಲ್ಲಿ ದೇಶ ಬಿಟ್ಟು ಓಡಿ ಐದು ವರ್ಷ ಪ್ರಷ್ಯಾ, ಆಸ್ಟ್ರಿಯಾದ ಜೈಲಲ್ಲಿ ಕೊಳೆತ. ಮಿತವಾದಿಗಳಿಗೆ ಕ್ರಾಂತಿಗಳು ಮಾಡೋದು ಸಾಮಾನ್ಯವಾಗಿ ಹೀಗೇ. ಸಮಾಧಿ ಪ್ಯಾರಿಸಿನ ಪಿಕ್ಪು ಸ್ಮಶಾನದಲ್ಲಿದೆ, ಮೇಲೆ ಅಮೆರಿಕದ ಧ್ವಜ ಹಾರ್ತಿರುತ್ತೆ.

ಬಾಸ್ಟನ್ ಟೀ ಪಾರ್ಟಿಲಿ ಸಮುದ್ರಕ್ಕೆ ಎಸೆದಿದ್ದು ನಮ್ ಅಸ್ಸಾಂ ಟೀನಾ?

ಅಲ್ಲ, ಚೀನಾದ್ದು. 1773 ಡಿಸೆಂಬರ್ 16ಕ್ಕೆ ಬಾಸ್ಟನ್ ಬಂದರಲ್ಲಿ ಅಮೆರಿಕದ ವಸಾಹತಿನವರು 342 ಪೆಟ್ಟಿಗೆ ಎಸೆದ್ರು, ಅಸ್ಸಾಂನಲ್ಲಿ ಟೀ ತೋಟಗಳು ಶುರುವಾಗಿದ್ದು 1830ರ ದಶಕದಲ್ಲಿ. ಮಾಲು ಮಾತ್ರ ನಮಗೂ ಗೊತ್ತಿರೋ ಈಸ್ಟ್ ಇಂಡಿಯಾ ಕಂಪನಿದು. ಇನ್ನೊಂದು ತಪ್ಪು ತಿಳುವಳಿಕೆ: ಟೀ ರೇಟ್ ಜಾಸ್ತಿ ಮಾಡಿದ್ದಕ್ಕೆ ಗಲಾಟೆ ಆಗಿದ್ದಲ್ಲ, 1773ರ ಕಾಯ್ದೆಯಿಂದ ಟೀ ಅಗ್ಗ ಆಗ್ತಿತ್ತು, ಆದ್ರೆ ಅದರ ಜೊತೆ ಲಂಡನ್ ಪಾರ್ಲಿಮೆಂಟ್ ಹಾಕಿದ್ದ ತೆರಿಗೆ ಒಪ್ಕೊಂಡಂಗೆ ಆಗುತ್ತಲ್ಲ, ಅಲ್ಲಿ ನಮಗೆ ಒಬ್ಬ ಪ್ರತಿನಿಧಿನೂ ಇಲ್ವಲ್ಲ ಅನ್ನೋದು ಜಗಳ. ಕಳ್ಳಸಾಗಣೆ ಟೀ ಮಾರ್ತಿದ್ದ ವ್ಯಾಪಾರಿಗಳ ಹೊಟ್ಟೆಗೂ ಬೆಂಕಿ ಬಿದ್ದಿತ್ತು, ಅದನ್ನೂ ಸೇರಿಸ್ಕೊಳ್ಳಿ.

ಮೈಸೂರಿಗೂ ಇದಕ್ಕೂ ನಿಜವಾಗ್ಲೂ ಸಂಬಂಧ ಇದ್ಯಾ, ಇಲ್ಲ ವಾಟ್ಸಾಪ್ ಕಥೆನಾ?

ಇದೆ, ಅಂದ್ಕೊಂಡಿದ್ದಕ್ಕಿಂತ ಜಾಸ್ತಿನೇ ಇದೆ. ಫ್ರಾನ್ಸ್ ಅಮೆರಿಕದ ಜೊತೆ ಸೇರಿದ ಕೂಡ್ಲೇ ಬ್ರಿಟಿಷರು ಇಂಡಿಯಾದಲ್ಲಿ ಫ್ರೆಂಚರ ಜಾಗಗಳ ಮೇಲೆ ಬಿದ್ರು, 1778ರಲ್ಲಿ ಪಾಂಡಿಚೇರಿ, 1779ರಲ್ಲಿ ಮಾಹೆ. ಮಾಹೆ ಬಂದರು ಹೈದರ್ ಅಲಿಗೆ ಫ್ರೆಂಚ್ ಶಸ್ತ್ರಾಸ್ತ್ರ ಇಳಿಯೋ ಜಾಗ, ಅದಕ್ಕೆ ಕೈ ಹಾಕಿದ್ದು ಅವನಿಗೆ ಸಹಿಸೋಕಾಗ್ಲಿಲ್ಲ. 1780ರಲ್ಲಿ ಕರ್ನಾಟಿಕ್ ಪ್ರಾಂತ್ಯಕ್ಕೆ ನುಗ್ಗಿ ಸೆಪ್ಟೆಂಬರಲ್ಲಿ ಪೊಳ್ಳಿಲೂರಲ್ಲಿ ಕರ್ನಲ್ ಬೇಲಿಯ ಪಡೆನ ಮುಗಿಸಿದ್ರು. ಅಂದ್ರೆ ನಾವು ಎರಡನೇ ಆಂಗ್ಲೋ-ಮೈಸೂರು ಯುದ್ಧ ಅಂತ ಓದೋದು ಅಮೆರಿಕದ ಸ್ವಾತಂತ್ರ್ಯ ಯುದ್ಧದ ಜೊತೆಗೇ ತಳಕು ಹಾಕ್ಕೊಂಡಿರೋ ಯುದ್ಧ. ಅಲ್ಲಿನವರಿಗೂ ಇದು ಗೊತ್ತಿತ್ತು, ಪೆನ್ಸಿಲ್ವೇನಿಯಾದವರು ಒಂದು ಯುದ್ಧದ ಹಡಗಿಗೆ ಹೈದರ್ ಅಲಿ ಹೆಸರನ್ನೇ ಇಟ್ರು. ಜೋಶುವಾ ಬಾರ್ನಿ ಅನ್ನೋ ಕ್ಯಾಪ್ಟನ್ 1782 ಏಪ್ರಿಲಲ್ಲಿ ಡೆಲವೇರ್ ಕೊಲ್ಲಿಲಿ ಆ ಹಡಗಲ್ಲಿ ಹೋಗಿ ತನಗಿಂತ ಜಾಸ್ತಿ ಫಿರಂಗಿ ಇದ್ದ ಬ್ರಿಟಿಷ್ ಹಡಗನ್ನ ಹಿಡಿದು ತಂದ.

ಆಮೇಲೆ ಕಥೆ ತಿರುಗ್ತು. 1783ರಲ್ಲಿ ಯುರೋಪಲ್ಲಿ ಬ್ರಿಟನ್, ಫ್ರಾನ್ಸ್ ರಾಜಿ ಆದ ಸುದ್ದಿ ಬಂದಾಗ ಟಿಪ್ಪು ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿ ಕೂತಿದ್ದ, ಜೊತೆಗಿದ್ದ ಫ್ರೆಂಚರು ಗಂಟುಮೂಟೆ ಕಟ್ಕೊಂಡು ಹೊರಟ್ರು. 1784 ಮಾರ್ಚಲ್ಲಿ ಮಂಗಳೂರು ಒಪ್ಪಂದ. 1787ರಲ್ಲಿ ಟಿಪ್ಪು ಮತ್ತೆ ಮೂರು ಜನ ರಾಯಭಾರಿಗಳನ್ನ ಪ್ಯಾರಿಸ್‌ಗೆ ಕಳಿಸಿದ, ಲೂಯಿ 1788 ಆಗಸ್ಟಲ್ಲಿ ವರ್ಸೈಲ್ಸ್ ಅರಮನೆಲಿ ದೊಡ್ಡ ದರ್ಬಾರೇನೋ ಮಾಡಿದ, ಸೈನ್ಯ ಮಾತ್ರ ಕೊಡಲಿಲ್ಲ. ಎಲ್ಲಿಂದ ಕೊಡ್ತಾನೆ, ಅದೇ ತಿಂಗಳು ಖಜಾನೆ ಸಾಲಗಾರರಿಗೆ ಪಾವತಿ ನಿಲ್ಲಿಸೋ ಸ್ಥಿತಿಗೆ ಬಂದಿತ್ತು.

ಇನ್ನು ಯಾರ್ಕ್‌ಟೌನಲ್ಲಿ ಸೋತ ಕಾರ್ನ್‌ವಾಲಿಸ್, 1786ರಲ್ಲಿ ಗವರ್ನರ್ ಜನರಲ್ ಆಗಿ ಇಲ್ಲಿಗೆ ಬಂದ. 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಅರ್ಧ ರಾಜ್ಯ, ದಂಡ, ಜೊತೆಗೆ ಟಿಪ್ಪುವಿನ ಇಬ್ಬರು ಮಕ್ಕಳನ್ನ ಒತ್ತೆ ತಗೊಂಡು ಹೋದವನು ಇವನೇ. ಬ್ರಿಟಿಷರಲ್ಲಿ ಸೋತ ಜನರಲ್‌ಗೆ ಇಷ್ಟು ಒಳ್ಳೆ ಪೋಸ್ಟಿಂಗ್ ಸಿಗೋದು ನೋಡಿದ್ರೆ ಆಶ್ಚರ್ಯ ಆಗುತ್ತೆ.

ಟಿಪ್ಪು ಫ್ರೆಂಚ್ ಕ್ರಾಂತಿಕಾರಿಗಳ ಜಾಕೋಬಿನ್ ಕ್ಲಬ್ ಮೆಂಬರ್ ಆಗಿದ್ನಂತೆ, ನೆಪೋಲಿಯನ್ ಲೆಟರ್ ಬರೆದಿದ್ನಂತೆ?

ಲೆಟರ್ ನಿಜ. 1798ರಲ್ಲಿ ನೆಪೋಲಿಯನ್ ಈಜಿಪ್ಟಿಗೆ ಬಂದಿಳಿದ, 1799 ಜನವರಿಲಿ ಟಿಪ್ಪುಗೆ ಬರೆದ, ಕಾಗದ ಬ್ರಿಟಿಷರ ಕೈಗೆ ಸಿಕ್ತು. ಅದಕ್ಕೂ ಮುಂಚೆ ಮಾರಿಷಸ್‌ನ ಫ್ರೆಂಚ್ ಗವರ್ನರ್ ಮಲಾರ್ತಿಕ್, ಟಿಪ್ಪು ಸಹಾಯಕ್ಕೆ ಸೈನಿಕರು ಬೇಕು ಅಂತ ಗುಟ್ಟಾಗಿ ಇಡಬೇಕಾದ ವಿಷಯನ ಊರಿಗೆಲ್ಲಾ ಪ್ರಕಟಣೆ ಹೊರಡಿಸಿದ, ಬಂದಿದ್ದು ನೂರು ಜನನೂ ಇಲ್ಲ. ಯುದ್ಧಕ್ಕೆ ನೆಪ ಹುಡುಕ್ತಿದ್ದ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಅಷ್ಟೇ ಸಾಕಾಯ್ತು. 1799 ಮೇ 4 ನಿಮಗೆ ಗೊತ್ತಿರೋದೇ. ಕ್ಲಬ್ ವಿಷಯಕ್ಕೆ ಇರೋ ಕಾಗದಪತ್ರ ಬ್ರಿಟಿಷರು ಪಟ್ಟಣ ಗೆದ್ದಮೇಲೆ ಸಿಕ್ತು ಅಂತ ಹೇಳಿದ್ದು, ಅದಕ್ಕೇ ಇತಿಹಾಸಕಾರರಲ್ಲಿ ಜಗಳ ಇದೆ. ನನಗನ್ಸೋ ಪ್ರಕಾರ, ಅಲ್ಲಿದ್ದ ಫ್ರೆಂಚ್ ಸೈನಿಕರು ಏನೋ ಸಭೆ ಮಾಡಿರಬಹುದು, ಸುಲ್ತಾನ ಮೆಂಬರ್‌ಶಿಪ್ ತಗೊಂಡ ಅನ್ನೋದು ಸ್ವಲ್ಪ ಜಾಸ್ತಿ ಆಯ್ತು.

ರಾಕೆಟ್ ಕಥೆ ನಿಜ. ಮೈಸೂರಿನ ಕಬ್ಬಿಣದ ಕೊಳವೆ ರಾಕೆಟ್ ನೋಡಿ ಇಂಗ್ಲೆಂಡಲ್ಲಿ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ ಮಾಡಿದ, ಅದನ್ನೇ 1814 ಸೆಪ್ಟೆಂಬರಲ್ಲಿ ಬಾಲ್ಟಿಮೋರಿನ ಫೋರ್ಟ್ ಮೆಕ್‌ಹೆನ್ರಿ ಮೇಲೆ ಹಾರಿಸಿದ್ರು. ಅಮೆರಿಕದ ರಾಷ್ಟ್ರಗೀತೆಲಿ ಬರೋ ರಾಕೆಟ್ಟಿನ ಕೆಂಪು ಬೆಳಕು ಅದೇ.

ತಲೆ ಕತ್ತರಿಸೋ ಯಂತ್ರ ಗಿಲೊಟಿನ್ ಕಂಡುಹಿಡಿದ ಡಾಕ್ಟರ್ ಗಿಲೊಟಿನ್ ಅದರಲ್ಲೇ ಸತ್ನಂತೆ?

ಎರಡೂ ಸುಳ್ಳು. ಡಾಕ್ಟರ್ ಗಿಲೊಟಿನ್ ಎಲ್ಲರಿಗೂ ಒಂದೇ ಥರದ, ನೋವು ಕಮ್ಮಿ ಇರೋ ಶಿಕ್ಷೆ ಇರಲಿ ಅಂತ ವಾದ ಮಾಡಿದವನು ಅಷ್ಟೇ, ಡಿಸೈನ್ ಆಂತ್ವಾನ್ ಲೂಯಿ ಅನ್ನೋ ಸರ್ಜನ್‌ದು. ಗಿಲೊಟಿನ್ 1814ರಲ್ಲಿ ಸಹಜವಾಗಿ ತೀರ್ಕೊಂಡ. ರಾಜ 1793 ಜನವರಿ 21ಕ್ಕೆ, ರಾಣಿ ಅದೇ ವರ್ಷ ಅಕ್ಟೋಬರ್ 16ಕ್ಕೆ, ಕ್ರಾಂತಿಯ ಉಗ್ರ ನಾಯಕ ರೋಬೆಸ್ಪಿಯರ್ 1794 ಜುಲೈ 28ಕ್ಕೆ, ಮೂವರ ತಲೆ ಹೋಗಿದ್ದೂ ಈಗಿನ ಪ್ಲಾಸ್ ದ ಲಾ ಕಾಂಕಾರ್ಡಲ್ಲಿ. ಕೊನೇ ಸಲ ಗಿಲೊಟಿನ್ ಬಳಸಿದ್ದು 1977ರಲ್ಲಿ, ಹೌದು, ಟೀವಿ ಇದ್ದ ಕಾಲದಲ್ಲೇ. 1981ರಲ್ಲಿ ಮಿತ್ತೆರಾಂ ಪ್ರೆಸಿಡೆಂಟ್ ಆದ್ಮೇಲೆ ಕಾನೂನು ಮಂತ್ರಿ ಬದಾಂತೇರ್ ಮರಣದಂಡನೆನೇ ತೆಗೆಸಿದ್ರು.

ಲೂಯಿಸಿಯಾನಾನ ನೆಪೋಲಿಯನ್ ಅಷ್ಟು ಅಗ್ಗಕ್ಕೆ ಯಾಕೆ ಮಾರಿದ?

1803, ಒಂದೂವರೆ ಕೋಟಿ ಡಾಲರ್, ಸುಮಾರು 21 ಲಕ್ಷ ಚದರ ಕಿಲೋಮೀಟರ್. ಅಮೆರಿಕ ಒಂದೇ ಸಹಿಗೆ ಡಬಲ್ ಆಯ್ತು. ಆಗ ಅಮೆರಿಕದ ಪ್ರೆಸಿಡೆಂಟ್ ಆಗಿದ್ದ ಜೆಫರ್ಸನ್ ಕೇಳಿ ಕಳಿಸಿದ್ದು ನ್ಯೂ ಆರ್ಲಿಯನ್ಸ್ ಬಂದರು ಮತ್ತೆ ಅದರ ಅಕ್ಕಪಕ್ಕ, ನೆಪೋಲಿಯನ್ ಎಲ್ಲಾ ತಗೊಂಡೋಗಿ ಅಂದ. ಕಾರಣ ಹೈಟಿ. ಸಾಂ-ದೊಮಿಂಗ್ ಅಂತಿದ್ದ ಆ ಸಕ್ಕರೆ ದ್ವೀಪದಲ್ಲಿ ಗುಲಾಮರು 1791ರಲ್ಲೇ ಎದ್ದಿದ್ರು, 1794ರಲ್ಲಿ ಫ್ರಾನ್ಸ್ ಗುಲಾಮಗಿರಿ ರದ್ದು ಮಾಡ್ತು, 1802ರಲ್ಲಿ ನೆಪೋಲಿಯನ್ ಅದನ್ನ ವಸಾಹತುಗಳಲ್ಲಿ ಮತ್ತೆ ತಂದ. ಕಳಿಸಿದ ಸೈನ್ಯ ಹಳದಿ ಜ್ವರ ಮತ್ತೆ ದಂಗೆಕೋರರ ಕೈಲಿ ನಾಶ ಆಯ್ತು, ನಾಯಕ ತೂಸೆಂ ಲೂವೆರ್ತ್ಯೂರ್‌ನ ಮೋಸದಿಂದ ಹಿಡಿದು ಫ್ರಾನ್ಸಿನ ಚಳಿ ಕೋಟೆಲಿ ಸಾಯಿಸಿದ್ರೂ ಪ್ರಯೋಜನ ಆಗ್ಲಿಲ್ಲ. ಸಕ್ಕರೆ ದ್ವೀಪ ಕೈಬಿಟ್ಟ ಮೇಲೆ ಅದಕ್ಕೆ ಅನ್ನ ಹಾಕ್ಬೇಕಿದ್ದ ಲೂಯಿಸಿಯಾನಾ ಯಾಕೆ, ಬ್ರಿಟನ್ ಜೊತೆ ಯುದ್ಧಕ್ಕೆ ದುಡ್ಡು ಬೇರೆ ಬೇಕಿತ್ತು. ಹೈಟಿ 1804 ಜನವರಿ 1ಕ್ಕೆ ಸ್ವತಂತ್ರ ಆಯ್ತು, 1825ರಲ್ಲಿ ಫ್ರಾನ್ಸ್ ಯುದ್ಧನೌಕೆ ನಿಲ್ಲಿಸಿ 15 ಕೋಟಿ ಫ್ರಾಂಕ್ ಪರಿಹಾರ ಕೇಳ್ತು. ಬಿಡುಗಡೆ ಆದವರೇ ಮಾಲೀಕರಿಗೆ ದುಡ್ಡು ಕಟ್ಬೇಕು! ಈ ಇಡೀ ಹಿಸ್ಟರಿಲಿ ನನಗೆ ಅತಿ ಹೊಟ್ಟೆ ಉರಿಸೋ ಭಾಗ ಇದು, ಸಿಲಬಸ್ಸಲ್ಲಿ ಒಂದು ಸಾಲೂ ಇರಲ್ಲ. ಹಾಗೇ ಆ ಲೂಯಿಸಿಯಾನಾದಲ್ಲಿ ಬದುಕ್ತಿದ್ದ ಮೂಲನಿವಾಸಿಗಳನ್ನ ಕೊಟ್ಟವರೂ ಕೇಳಲಿಲ್ಲ, ತಗೊಂಡವರೂ ಕೇಳಲಿಲ್ಲ.

ಗುಲಾಮಗಿರಿ ಯಾರು ಮೊದಲು ತೆಗೆದ್ರು?

ಫ್ರಾನ್ಸೇ: 1794ರಲ್ಲಿ ಒಂದ್ಸಲ, ನೆಪೋಲಿಯನ್ ಮತ್ತೆ ತಂದಮೇಲೆ ಎರಡನೇ ಸಲ, ಈ ಸಲ ಪೂರ್ತಿ, 1848ರಲ್ಲಿ, ವಿಕ್ಟರ್ ಶೆಲ್ಷೇರ್ ಹಠದಿಂದ. ಅಮೆರಿಕದಲ್ಲಿ ಲಿಂಕನ್‌ನ 1863ರ ಘೋಷಣೆ ದಂಗೆ ಎದ್ದ ರಾಜ್ಯಗಳಿಗೆ ಮಾತ್ರ, ದೇಶಕ್ಕೆಲ್ಲಾ ಅನ್ವಯ ಆಗಿದ್ದು 1865 ಡಿಸೆಂಬರಿನ 13ನೇ ತಿದ್ದುಪಡಿಯಿಂದ. ಆಮೇಲೆ ದಕ್ಷಿಣದ ರಾಜ್ಯಗಳು ಬಸ್ಸು, ಸ್ಕೂಲು, ಹೋಟೆಲ್ ಎಲ್ಲದರಲ್ಲೂ ಕಪ್ಪು ಜನರನ್ನ ಬಿಳಿಯರಿಂದ ಬೇರೆ ಇಡೋ ಪ್ರತ್ಯೇಕತೆ ತಂದು ನೂರು ವರ್ಷ ಎಳೆದ್ರು. 1955 ಡಿಸೆಂಬರ್ 1ಕ್ಕೆ ಮಾಂಟ್‌ಗೊಮರಿಲಿ ಕಪ್ಪು ಮಹಿಳೆ ರೋಸಾ ಪಾರ್ಕ್ಸ್ ಬಸ್ಸಲ್ಲಿ ಬಿಳಿಯರಿಗೆ ಸೀಟ್ ಬಿಡಲಿಲ್ಲ, ಮಾರ್ಟಿನ್ ಲೂಥರ್ ಕಿಂಗ್ ಮುಂದೆ ಬಂದ್ರು, 1964ರಲ್ಲಿ ನಾಗರಿಕ ಹಕ್ಕು ಕಾಯ್ದೆ, 1965ರಲ್ಲಿ ವೋಟಿನ ಹಕ್ಕಿನ ಕಾಯ್ದೆ.

ಲಿಬರ್ಟಿ ಪ್ರತಿಮೆ ಫ್ರಾನ್ಸ್ ಸರ್ಕಾರದ ಗಿಫ್ಟ್ ಅಲ್ವಾ?

ಸರ್ಕಾರದ್ದಲ್ಲ, ಜನ ಚಂದಾ ಎತ್ತಿ ಮಾಡಿದ್ದು. ಐಡಿಯಾ ಲಾಬುಲೇ ಅನ್ನೋ ಗುಲಾಮಗಿರಿ ವಿರೋಧಿ ಪ್ರೊಫೆಸರ್‌ದು, ಶಿಲ್ಪಿ ಬಾರ್ತೋಲ್ದಿ, ಒಳಗಿನ ಕಬ್ಬಿಣದ ಚೌಕಟ್ಟು ಐಫೆಲ್‌ದು. ಕೆಳಗಿನ ಪೀಠಕ್ಕೆ ಅಮೆರಿಕದವರು ದುಡ್ಡು ಕೊಡೋಕೆ ಮೀನಮೇಷ ಎಣಿಸಿದಾಗ ಪುಲಿಟ್ಜರ್ ತನ್ನ ಪೇಪರಲ್ಲಿ ಕೊಟ್ಟವರ ಹೆಸರೆಲ್ಲಾ ಹಾಕ್ತೀನಿ ಅಂತ ಎತ್ತಿಸಿದ. 1886 ಅಕ್ಟೋಬರ್ 28ಕ್ಕೆ ಉದ್ಘಾಟನೆ. ಕಾಲ ಬುಡದಲ್ಲಿ ತುಂಡಾದ ಸರಪಳಿ ಇದೆ, ಕೆಳಗೆ ನಿಂತು ನೋಡಿದ್ರೆ ಕಾಣಲ್ಲ.

ಐದನೇ ಗಣರಾಜ್ಯ ಅಂತಾರಲ್ಲ, ಉಳಿದ ನಾಲ್ಕು ಏನಾಯ್ತು?

ಮೊದಲನೇದು 1792ರಿಂದ, ನೆಪೋಲಿಯನ್ ಚಕ್ರವರ್ತಿ ಆಗಿ 1804ಕ್ಕೆ ಮುಗಿಸಿದ. ಎರಡನೇದು 1848ರಿಂದ 1852, ಅವನ ಅಣ್ಣತಮ್ಮಂದಿರ ಪೈಕಿ ಒಬ್ಬನ ಮಗ ಮುಗಿಸಿದ. ಮೂರನೇದು 1870ರಿಂದ 1940, ಹಿಟ್ಲರ್ ಬಂದ. ನಾಲ್ಕನೇದು 1946ರಿಂದ 1958, ಅಲ್ಜೀರಿಯಾ ಯುದ್ಧದ ಬಿಕ್ಕಟ್ಟಲ್ಲಿ ಕುಸೀತು. ಆಗ ಎರಡನೇ ಮಹಾಯುದ್ಧದ ಕಾಲದ ನಾಯಕ ದ ಗಾಲ್ ಬಂದು ಪ್ರೆಸಿಡೆಂಟ್ ಕೈಗೆ ಅಧಿಕಾರ ಕೊಡೋ ಈಗಿನ ಸಂವಿಧಾನ ಮಾಡಿಸಿದ. ಅಮೆರಿಕ ಮಾತ್ರ 1789ರಿಂದ ಒಂದೇ ಸಂವಿಧಾನಕ್ಕೆ 27 ತಿದ್ದುಪಡಿ ಹಾಕ್ಕೊಂಡು ಓಡಿಸ್ತಿದೆ.

ಎರಡೂ ಸೆಕ್ಯುಲರ್ ದೇಶ, ಆದ್ರೂ ಫ್ರಾನ್ಸಲ್ಲಿ ಯಾಕಷ್ಟು ಸ್ಟ್ರಿಕ್ಟ್?

ಹೆದರಿಕೆ ಬೇರೆ ಬೇರೆ. ಅಮೆರಿಕಕ್ಕೆ ಬಂದವರಲ್ಲಿ ಸರ್ಕಾರದ ಚರ್ಚಿನ ಕಾಟ ತಡೀಲಾರದೇ ಬಂದವರು ಬಹಳ, ಹಾಗಾಗಿ 1791ರ ಮೊದಲ ತಿದ್ದುಪಡಿ ಸರ್ಕಾರದ ಕೈ ಕಟ್ಟುತ್ತೆ. ಫ್ರಾನ್ಸಲ್ಲಿ ಚರ್ಚ್ ಅಂದ್ರೆ ರಾಜನ ಪಕ್ಷ, ಸ್ಕೂಲೆಲ್ಲಾ ಅದರ ಹಿಡಿತದಲ್ಲಿ, ಹಾಗಾಗಿ 1905 ಡಿಸೆಂಬರ್ 9ರ ಕಾಯ್ದೆ ಚರ್ಚನ್ನ ಸರ್ಕಾರದಿಂದ ಹೊರಗೆ ಹಾಕ್ತು. 2004ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಎದ್ದು ಕಾಣೋ ಧಾರ್ಮಿಕ ಚಿಹ್ನೆ ಬ್ಯಾನ್ ಮಾಡಿದ್ದೂ ಇದೇ ಜಾಡಲ್ಲಿ. ತಮಾಷೆ ಅಂದ್ರೆ ಅಲ್ಸಾಸ್ ಮೊಸೆಲ್ ಕಡೆ 1905ರ ಕಾಯ್ದೆ ಇವತ್ತಿಗೂ ಇಲ್ಲ, ಆಗ ಅದು ಜರ್ಮನಿ ಕೈಲಿತ್ತು, ವಾಪಸ್ ಬಂದಮೇಲೂ ಹಾಗೇ ಬಿಟ್ರು. ಅಲ್ಲಿ ಪಾದ್ರಿಗಳಿಗೆ ಸರ್ಕಾರದ ಸಂಬಳ.

ಹೆಣ್ಮಕ್ಕಳಿಗೆ ವೋಟು?

ಅಮೆರಿಕ 1920, ಫ್ರಾನ್ಸ್ 1944. ಹಕ್ಕುಗಳ ಘೋಷಣೆ ಮಾಡಿ 155 ವರ್ಷ ಆದ್ಮೇಲೆ.

ನ್ಯೂ ಡೀಲ್ ಥರ ಫ್ರಾನ್ಸಲ್ಲೂ ಏನಾದ್ರೂ ಆಯ್ತಾ?

1933ರಲ್ಲಿ ರೂಸ್‌ವೆಲ್ಟ್ ಬಂದಾಗ ಅಮೆರಿಕದಲ್ಲಿ ನಾಲ್ಕರಲ್ಲಿ ಒಬ್ಬರಿಗೆ ಕೆಲಸ ಇಲ್ಲ, ಬ್ಯಾಂಕ್ ಮುಚ್ತಿವೆ. ಅವನು ನ್ಯೂ ಡೀಲ್ ಅನ್ನೋ ಯೋಜನೆಲಿ ಅಣೆಕಟ್ಟು, ರಸ್ತೆ ಕೆಲಸ ಕೊಟ್ಟ, 1935ರಲ್ಲಿ ಸೋಷಿಯಲ್ ಸೆಕ್ಯುರಿಟಿ ಪಿಂಚಣಿ ತಂದ. ಫ್ರಾನ್ಸಲ್ಲಿ 1936ರಲ್ಲಿ ಲಿಯೋಂ ಬ್ಲೂಮ್‌ನ ಪಾಪ್ಯುಲರ್ ಫ್ರಂಟ್ ಅನ್ನೋ ಎಡಪಕ್ಷಗಳ ಕೂಟ ಗೆದ್ದ ಕೂಡ್ಲೇ ಕಾರ್ಮಿಕರು ಫ್ಯಾಕ್ಟರಿ ಒಳಗೇ ಕೂತು ಸ್ಟ್ರೈಕ್ ಮಾಡಿದ್ರು, ವಾರಕ್ಕೆ 40 ಗಂಟೆ ಕೆಲಸ, ವರ್ಷಕ್ಕೆ ಎರಡು ವಾರ ಸಂಬಳ ಸಹಿತ ರಜ ಸಿಕ್ತು. ಆ ಬೇಸಿಗೆ ಎಷ್ಟೋ ಕುಟುಂಬ ಮೊದಲ ಸಲ ಸಮುದ್ರ ನೋಡಿದ್ದು. ಫ್ರೆಂಚರಿಗೆ ರಜ ಮೇಲಿನ ಪ್ರೀತಿ ಸುಮ್ನೆ ಬಂದಿದ್ದಲ್ಲ. ಅಮೆರಿಕದಲ್ಲಿ ಸಂಬಳ ಸಹಿತ ರಜ ಕೊಡಲೇಬೇಕು ಅಂತ ಫೆಡರಲ್ ಕಾನೂನು ಇವತ್ತಿಗೂ ಇಲ್ಲ.

ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸ್ ಯಾವ ಕಡೆ?

ಎರಡೂ ಕಡೆ ಅನ್ನೋದೇ ಪ್ರಾಮಾಣಿಕ ಉತ್ತರ. 1940 ಜೂನಲ್ಲಿ ಸೋತ ಮೇಲೆ ಮಾರ್ಷಲ್ ಪೆತಾಂ ವಿಶಿ ಅನ್ನೋ ಊರಲ್ಲಿ ಸರ್ಕಾರ ಮಾಡಿ ನಾಜಿಗಳ ಜೊತೆ ಕೈಜೋಡಿಸಿದ, ದ ಗಾಲ್ ಜೂನ್ 18ಕ್ಕೆ ಲಂಡನಿನ ಬಿಬಿಸಿಯಿಂದ ಹೋರಾಟ ಮುಂದುವರಿಸಿ ಅಂದ. 1942 ಜುಲೈಲಿ ಪ್ಯಾರಿಸಲ್ಲಿ ಸುಮಾರು 13,000 ಯಹೂದಿಗಳನ್ನ ಹಿಡಿದಿದ್ದು ಫ್ರೆಂಚ್ ಪೊಲೀಸರೇ, ಅದಕ್ಕೆ ದೇಶದ ಹೊಣೆ ಇದೆ ಅಂತ ಪ್ರೆಸಿಡೆಂಟ್ ಶಿರಾಕ್ ಒಪ್ಕೊಂಡಿದ್ದು 1995ರಲ್ಲಿ. ನಾರ್ಮಂಡಿಲಿ ಅಮೆರಿಕ, ಬ್ರಿಟನ್, ಕೆನಡಾ ಸೈನ್ಯ ಇಳಿದಿದ್ದು 1944 ಜೂನ್ 6, ಪ್ಯಾರಿಸ್ ಬಿಡುಗಡೆ ಆಗಸ್ಟ್ 25.

ಇಲ್ಲಿ ನೂರ್ ಇನಾಯತ್ ಖಾನ್ ಬಗ್ಗೆ ಹೇಳಲೇಬೇಕು. ತಂದೆ ಕಡೆಯಿಂದ ಟಿಪ್ಪು ವಂಶ, ತಾಯಿ ಅಮೆರಿಕದವರು, ಬೆಳೆದಿದ್ದು ಪ್ಯಾರಿಸ್ ಪಕ್ಕದ ಸ್ಯುರೆನ್‌ನಲ್ಲಿ. ಬ್ರಿಟಿಷ್ ಗುಪ್ತ ಸಂಸ್ಥೆ ಆಕೇನ 1943 ಜೂನಲ್ಲಿ ವೈರ್‌ಲೆಸ್ ಆಪರೇಟರ್ ಆಗಿ ಕಳಿಸ್ತು. ಹೋದ ಸ್ವಲ್ಪ ದಿನಕ್ಕೇ ಜೊತೆಯವರೆಲ್ಲಾ ಸಿಕ್ಕಿಬಿದ್ರು, ವಾಪಸ್ ಬಾ ಅಂದ್ರೂ ಬರದೇ, ಸೆಟ್ ಹೊತ್ಕೊಂಡು ಮನೆ ಬದಲಾಯಿಸ್ತಾ ಸಂದೇಶ ಕಳಿಸಿದ್ರು. ಅಕ್ಟೋಬರಲ್ಲಿ ಹಿಡಿದ್ರು, 1944 ಸೆಪ್ಟೆಂಬರಲ್ಲಿ ಡಾಖಾವ್ ಕ್ಯಾಂಪಲ್ಲಿ ಗುಂಡಿಟ್ಟು ಕೊಂದ್ರು.

ವಿಯೆಟ್ನಾಂ ಯುದ್ಧಕ್ಕೆ ಅಮೆರಿಕ ಯಾಕೆ ಹೋಗಿದ್ದು?

ವಿಯೆಟ್ನಾಂ ಫ್ರಾನ್ಸಿನ ವಸಾಹತಾಗಿತ್ತು, ಅದು ಫ್ರಾನ್ಸಿನ ಯುದ್ಧ, ಅಮೆರಿಕದವರು ಮುಂದುವರಿಸಿದ್ರು. 1945ರಲ್ಲಿ ಅಲ್ಲಿನ ನಾಯಕ ಹೋ ಚಿ ಮಿನ್ ಸ್ವಾತಂತ್ರ್ಯ ಘೋಷಿಸುವಾಗ ಅಮೆರಿಕದ 1776ರ ಘೋಷಣೆ, ಫ್ರಾನ್ಸಿನ 1789ರ ಘೋಷಣೆ ಎರಡನ್ನೂ ಓದಿ ಹೇಳಿದ. ಕೇಳಿಸ್ಕೊಂಡವರು ಯಾರು? ಫ್ರಾನ್ಸ್ ವಾಪಸ್ ಬಂತು, ಯುದ್ಧದ ಕೊನೇ ವರ್ಷಗಳಲ್ಲಿ ಖರ್ಚಿನ ಬಹುಪಾಲು ಅಮೆರಿಕನೇ ಕೊಟ್ತು. 1954 ಮೇ 7ಕ್ಕೆ ದಿಯೆನ್ ಬಿಯೆನ್ ಫುನಲ್ಲಿ ಫ್ರೆಂಚರು ಸೋತ್ರು, ದೇಶ 17ನೇ ಅಕ್ಷಾಂಶಕ್ಕೆ ಎರಡು ಭಾಗ ಆಯ್ತು. ಅಮೆರಿಕ 1965ರಲ್ಲಿ ಕಾಲಾಳು ಸೈನ್ಯ ಇಳಿಸ್ತು, 58,000ಕ್ಕೂ ಹೆಚ್ಚು ತನ್ನ ಸೈನಿಕರನ್ನ ಕಳ್ಕೊಂಡ್ತು, ವಿಯೆಟ್ನಾಮಿಗಳು ಸತ್ತಿದ್ದು ಲಕ್ಷಗಟ್ಟಲೆ. 1975 ಏಪ್ರಿಲ್ 30ಕ್ಕೆ ಸೈಗಾನ್ ಬಿತ್ತು. ಅಷ್ಟರಲ್ಲಿ ದ ಗಾಲ್ ಅಮೆರಿಕಕ್ಕೆ ಬುದ್ಧಿ ಹೇಳೋಕೆ ಶುರು ಮಾಡಿ, 1966ರಲ್ಲಿ ನೇಟೋ ಸೇನಾ ವ್ಯವಸ್ಥೆಯಿಂದಲೇ ಹೊರಗೆ ಬಂದು, ಅಮೆರಿಕದ ಸೈನಿಕರು ನಮ್ಮ ನೆಲದಿಂದ ಹೊರಡಿ ಅಂದಿದ್ದ. ಫ್ರಾನ್ಸ್ ಅದಕ್ಕೆ ಪೂರ್ತಿ ವಾಪಸ್ ಸೇರಿದ್ದು 2009ರಲ್ಲಿ.

ನಮ್ಮೋರು ಅಮೆರಿಕಕ್ಕೆ ಇಷ್ಟು ಹೋಗೋಕೆ ಯಾವ ಕಾನೂನು ಕಾರಣ? ಫ್ರಾನ್ಸ್‌ಗೆ ಯಾಕೆ ಹೋಗಲ್ಲ?

1924ರ ಕಾಯ್ದೆ ಏಷ್ಯಾದವರಿಗೆ ಬಾಗಿಲು ಹಾಕಿತ್ತು. 1946ರಲ್ಲಿ ಭಾರತೀಯರಿಗೆ ವರ್ಷಕ್ಕೆ 100 ಜನ ಅಂತ ಕೋಟಾ ಕೊಟ್ರು. 1965ರಲ್ಲಿ ಪ್ರೆಸಿಡೆಂಟ್ ಜಾನ್ಸನ್ ಸಹಿ ಹಾಕಿದ ಕಾಯ್ದೆ ಯುರೋಪಿನವರಿಗೇ ಜಾಸ್ತಿ ಅನ್ನೋ ಹಳೇ ಲೆಕ್ಕ ತೆಗೆದು ಓದು, ಕೆಲಸ, ಕುಟುಂಬ ನೋಡೋಕೆ ಶುರು ಮಾಡ್ತು, ಡಾಕ್ಟರ್ ಇಂಜಿನಿಯರ್‌ಗಳ ಮೊದಲ ಅಲೆ ಆಗ ಹೋಗಿದ್ದು. ಬೆಂಗಳೂರಿನ ಮನೆಮನೆಗೂ ಗೊತ್ತಿರೋ ಎಚ್-1ಬಿ ಬಂದಿದ್ದು 1990ರ ಕಾಯ್ದೆಲಿ. ಫ್ರಾನ್ಸ್ ಎರಡನೇ ಮಹಾಯುದ್ಧದ ನಂತರ ಕೆಲಸಕ್ಕೆ ಕರೆಸ್ಕೊಂಡಿದ್ದು ಅಲ್ಜೀರಿಯಾ, ಮೊರೊಕ್ಕೊ, ಪೋರ್ಚುಗಲ್ ಕಡೆಯವರನ್ನ, 1974ರಲ್ಲಿ ಅದನ್ನೂ ನಿಲ್ಲಿಸ್ತು. ಅಲ್ಲಿರೋ ಹಳೇ ಭಾರತೀಯ ಕುಟುಂಬಗಳಲ್ಲಿ ಪಾಂಡಿಚೇರಿ ಭಾರತಕ್ಕೆ ಹಸ್ತಾಂತರ ಆದ 1962ರ ಹೊತ್ತಿಗೆ ಫ್ರೆಂಚ್ ಪೌರತ್ವ ಉಳಿಸ್ಕೊಂಡ ಪಾಂಡಿಚೇರಿಯವರು ಬಹಳ. ಒಟ್ಟು ಎಷ್ಟು ಜನ ಅಂತ ಅಮೆರಿಕದ ಥರ ಲೆಕ್ಕ ಸಿಗಲ್ಲ, ಅಮೆರಿಕದ ಜನಗಣತಿ 1790ರಿಂದ ಜನಾಂಗ ಕೇಳ್ತಾ ಬಂದಿದೆ, ಭಾರತೀಯರಿಗೆ 1980ರಿಂದ ಬೇರೆನೇ ಕಾಲಂ ಇದೆ, ಫ್ರಾನ್ಸಿನ ಜನಗಣತಿ ಫಾರಂನಲ್ಲಿ ಜನಾಂಗ, ಧರ್ಮ ಎರಡನ್ನೂ ಕೇಳೋ ಹಾಗಿಲ್ಲ.